ಹಿತ್ತಲ ಮೆಟ್ಟಿಲು

ಫೋನಿನಲ್ಲೇ ಮನೆ ನೋಡುವ ಕಾಲ ಬಂದಿದೆ ಎಂಬುದು ಹಣಮವ್ವನಿಗೆ ಗೊತ್ತಾದದ್ದು ಮಗಳು ರಾಧಿಕಾಳಿಂದ. ರಾಧಿಕಾ ಚಿತ್ತಾಪುರದ ಆಸ್ಪತ್ರೆಯೊಂದರಲ್ಲಿ ನರ್ಸು. ಡ್ಯೂಟಿ ಮುಗಿಸಿ ಬಂದವಳು ಕಾಲು ಚಾಚಿ ಕೂತು, ದಲ್ಲಾಳಿ ಗುಲಾಮ ದಸ್ತಗೀರ ಕಳಿಸಿದ್ದನ್ನು ಅವ್ವನಿಗೆ ಕೇಳುವಂತೆ ಓದಿದಳು.

“ಹಳೇ ಊರಿನ ನಟ್ಟನಡುವೆ ನೂರು ವರ್ಷದ ಕಲ್ಲಿನ ವಾಡೆ. ಅದರ ಮೇಲಂತಸ್ತಿನ ಫ್ಲ್ಯಾಟ್ ಮಾರಾಟಕ್ಕಿದೆ. ಸಾಗವಾನಿ ಕಂಬ, ಶಹಾಬಾದ್ ಕಲ್ಲಿನ ನೆಲ, ಬೇಸಿಗೆಯಲ್ಲೂ ತಂಪು. ಕೆತ್ತನೆಯ ಕಿಂಡಿ. ಹಿಂದುಗಡೆ ಸಪರೇಟ್ ಮೆಟ್ಟಿಲು. ಹಳೇ ಕಾಲದ ಗತ್ತು, ಹೊಸ ಕಾಲದ ನಲ್ಲಿ.”

“ಗತ್ತು ಬಿ ಮಾರ್ಲಿಕತ್ತಾರೇನು ಈಗ?” ಎಂದಳು ಹಣಮವ್ವ. “ಕಿಲೋದ ಲೆಕ್ಕೋ, ಫೂಟಿನ ಲೆಕ್ಕೋ?”

ರಾಧಿಕಾ ಫೋಟೋ ತೋರಿಸಿದಳು. ಹಿತ್ತಾಳೆ ಮೊಳೆ ಹೊಡೆದ ದೊಡ್ಡ ಬಾಗಿಲು, ಮೇಲೆ ಕಲ್ಲಿನ ಕಮಾನು. ಹಣಮವ್ವ ಫೋನನ್ನು ದೂರ ಹಿಡಿದು ನೋಡಿದಳು, ಹತ್ತಿರ ತಂದು ನೋಡಿದಳು. “ಯಾರ ಮನಿಯೋ ಯವ್ವಾ. ರಾಜರದು ಇದ್ದಂಗ ಅದ.” ಮದುವೆಯಾಗಿ ಇದೇ ಊರಿಗೆ ಬಂದು ಇಲ್ಲೇ ಮುದುಕಿಯಾದವಳಿಗೆ ಆ ಬಾಗಿಲಿನ ಗುರುತೇ ಸಿಗಲಿಲ್ಲ. ಯಾಕೆ ಸಿಗಲಿಲ್ಲ ಎಂಬುದು ಮುಂದೆ ಗೊತ್ತಾಗುತ್ತದೆ, ಸ್ವಲ್ಪ ತಡೆಯಿರಿ.

ಬಾಡಿಗೆ ಮನೆ ಸುತ್ತಿ ಸುತ್ತಿ ಆ ಮನೆಮಂದಿಗೆ ಸಾಕಾಗಿತ್ತು. ಅಳಿಯ ದೇವಾನಂದ ವಾಡಿ ಸ್ಟೇಷನ್ನಿನಲ್ಲಿ ರೈಲ್ವೆ ನೌಕರ. ಗಂಡಹೆಂಡತಿ ಇಬ್ಬರಿಗೂ ತಿಂಗಳಾದರೆ ಪಗಾರ. ಆದರೂ ಮನೆ ಕೇಳಲು ಹೋದಲ್ಲೆಲ್ಲ ಮಾಲೀಕರು ಮೊದಲು ಊರು ಕೇಳುತ್ತಿದ್ದರು. ಆಮೇಲೆ ಅಡ್ಡಹೆಸರು. ಆಮೇಲೆ “ನಿಮ್ಮ ಪೈಕಿ ಈ ಕಡಿ ಯಾರಾರ ಅದಾರೇನ್ರಿ?” ಗೋಡೆಗೆ ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ ಬರುತ್ತವೆ ಎಂದು ಗೊತ್ತಾದ ಕೂಡಲೇ ಮಾಲೀಕರ ಅಣ್ಣನ ಮಗನಿಗೆ ಅಕಸ್ಮಾತ್ ಲಗ್ನ ನಿಶ್ಚಯವಾಗಿ, ಆ ಮನೆ ಅವನಿಗೇ ಬೇಕಾಗುತ್ತಿತ್ತು. “ನಮ್ಮ ಸಲುವಾಗಿ ಈ ಊರಾಗ ಎಷ್ಟು ಹುಡುಗರ ಲಗ್ನ ಆಗ್ಯಾವ ನೋಡು” ಎಂದು ಹಣಮವ್ವ ನಗುತ್ತಿದ್ದಳು. ನಗುವಿನ ಹಿಂದೆ ಸಿಟ್ಟಿತ್ತು. ಅದನ್ನು ಆಕೆ ಮಗಳಿಗೆ ತೋರಿಸುತ್ತಿರಲಿಲ್ಲ, ಅಷ್ಟೇ. ಹೀಗಾಗಿ ಸಾಲ ಮಾಡಿಯಾದರೂ ಸರಿ, ಸ್ವಂತದ್ದೇ ಒಂದು ಕೊಳ್ಳುವುದು ಎಂದು ತೀರ್ಮಾನವಾಗಿತ್ತು.

ವಾಡೆ ತೋರಿಸಲು ಗುಲಾಮ ದಸ್ತಗೀರ ಬೇಕೆಂದೇ ಒಂದು ದಿನ ಆರಿಸಿದ್ದ. ಅವತ್ತು ಕೆಳಗಿನ ಮನೆಯವರು ಸುಲೇಪೇಟದ ಬೀಗರ ಮನೆಗೆ ಹೋಗಿದ್ದರು. “ಶಾಂತಿಲಿಂದ ನೋಡ್ಬಹುದು ಅಂತ” ಎಂದು ಅತ್ತರು ಪೂಸಿದ ಕೈಯಿಂದ ಬೀಗ ತೆಗೆದ. ಹಣಮವ್ವ ಹೊಸ್ತಿಲ ಮೇಲೆ ಕಾಲಿಡದೆ ದಾಟಿದಳು. ಒಳಗೆ ಪಡಸಾಲೆ. ಎರಡು ತೋಳಿಗೂ ಸಿಗದಷ್ಟು ದಪ್ಪ ಕಂಬಗಳು. ಪಡಸಾಲೆಯ ಮೂಲೆಯಿಂದ ಅಗಲವಾದ ಮೆಟ್ಟಿಲು ಮೇಲೆ ಹೋಗುತ್ತಿದ್ದವು, ನುಣ್ಣಗೆ, ತಣ್ಣಗೆ. ಮೇಲೆ ಎರಡು ದೊಡ್ಡ ಕೋಣೆ, ಒಂದು ಹಳೆಯ ಅಡುಗೆಮನೆ, ಮುಂದೆ ಬಯಲು ಮಾಳಿಗೆ.

“ಈ ಕಿಂಡಿ ನೋಡ್ರಿ ಅಮ್ಮಾ” ಎಂದ ದಸ್ತಗೀರ ಅಡುಗೆಮನೆಯಲ್ಲಿ ನಿಂತು. “ಒಂದೇ ಕಲ್ಲಿನಾಗ ಕಡದಾರ. ಎಂಥಾ ಕಾರೀಗರಿ! ಸಂಜಿಮುಂದ ಇಲ್ಲಿ ಕುಂತು ಚಾ ಕುಡದ್ರ ಜನ್ನತ್. ಮತ್ತ ಇದು ಇಲ್ಲಿನ ಖಾಸ್ ಚೀಜ್.” ಪಕ್ಕದ ಸಣ್ಣ ಬಾಗಿಲನ್ನು ಭುಜಕೊಟ್ಟು ತಳ್ಳಿದ. “ಸಪರೇಟ್ ಎಂಟ್ರೆನ್ಸ್. ಶಹರದಾಗ ಇದಕ್ಕ ಭಾಳ ಡಿಮ್ಯಾಂಡ್ ಅದ.”

ಎರಡು ಗೋಡೆಗಳ ನಡುವೆ ಇಕ್ಕಟ್ಟಾದ ಕಲ್ಲಿನ ಮೆಟ್ಟಿಲು ಹಿತ್ತಲ ಓಣಿಗೆ ಇಳಿದಿದ್ದವು. ನಡುವೆ ಸವೆದು ತಗ್ಗಾಗಿದ್ದವು. ಹಣಮವ್ವ ಒಂದು ಮೆಟ್ಟಿಲು ಇಳಿದಳು. ಆಕೆಯ ಬಲಗಾಲು ತಾನಾಗಿಯೇ ಗೋಡೆ ಕಡೆ ಸರಿದು ಊರಿತು, ಎಡಗೈ ತಾನಾಗಿಯೇ ಮೇಲೆದ್ದಿತು. ಕಾಲಿಗೆ ಗೊತ್ತಿತ್ತು. ಕಣ್ಣಿಗೆ ಆಮೇಲೆ ಗೊತ್ತಾಯಿತು.

“ಹಾ” ಎಂದಳು. “ಇದೇನು ಆ ಮನಿ.”

ರಾವೂರಿನಿಂದ ಮದುವೆಯಾಗಿ ಬಂದ ವರ್ಷವೇ ಆಕೆಯ ಅತ್ತೆ ಆಕೆಯನ್ನು ಈ ಕೆಲಸಕ್ಕೆ ಕರೆತಂದಿದ್ದಳು. ಆಗ ಈ ಮಾಳಿಗೆಗೆ ಸಿಮೆಂಟ್ ಇರಲಿಲ್ಲ. ಪ್ರತಿ ಬೇಸಿಗೆ, ಮಳೆಗೆ ಮುಂಚೆ, ಹೊಸ ಕರಲು ಮಣ್ಣು ಹೊತ್ತು ಹಾಕಬೇಕು. ಇಲ್ಲದಿದ್ದರೆ ಸಾವ್ಕಾರರ ಮನೆ ಸೋರುತ್ತದೆ. ಹೊರುವವರು ಕೇರಿಯ ಹೆಂಗಸರು. ಮುಂದಿನ ಓಣಿಗೆ ಅವರು ಬರುವ ಹಾಗಿಲ್ಲ. ಹಿತ್ತಲ ಓಣಿಯಿಂದ ಬರಬೇಕು, ಈ ಮೆಟ್ಟಿಲು ಹತ್ತಬೇಕು, ಸುರುವಬೇಕು, ಇಳಿಯಬೇಕು. ಹಸಿಮಣ್ಣಿನ ನೀರು ಬುಟ್ಟಿಯಿಂದ ಹಣೆಗೆ ಇಳಿದು ಕಣ್ಣಿಗೆ ಹೋಗುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿಲ್ಲ. ಕುತ್ತಿಗೆ ಎದೆಯೊಳಗೆ ಇಳಿಯುತ್ತಿತ್ತು. ಓಣಿಯಲ್ಲಿ ಸಾವ್ಕಾರರ ಪೈಕಿ ಯಾರಾದರೂ ಎದುರು ಬಂದರೆ ಬುಟ್ಟಿ ತಲೆಯ ಮೇಲಿದ್ದಂತೆಯೇ ಗೋಡೆಗೆ ಬೆನ್ನು ಹಚ್ಚಿ ನಿಂತು ದಾರಿ ಬಿಡಬೇಕು. ಅವರು ನಿಧಾನಕ್ಕೆ ಹೋಗುತ್ತಿದ್ದರು. ಅವರ ತಲೆಯ ಮೇಲೆ ಏನೂ ಇರುತ್ತಿರಲಿಲ್ಲವಲ್ಲ.

ಮಧ್ಯಾಹ್ನ ಈ ಕೆತ್ತನೆಯ ಕಿಂಡಿಯ ಕೆಳಗೆ ಸೆರಗು ಒಡ್ಡಿ ನಿಲ್ಲಬೇಕು. ಮೇಲಿನಿಂದ ರೊಟ್ಟಿ ಬೀಳುತ್ತಿತ್ತು. ಸೆರಗಿಗೆ ಬಿದ್ದರೆ ಸೆರಗಿಗೆ, ನೆಲಕ್ಕೆ ಬಿದ್ದರೆ ನೆಲಕ್ಕೆ. ರಾಧಿಕಾ ಹೊಟ್ಟೆಯಲ್ಲಿದ್ದ ಬೇಸಿಗೆಯಲ್ಲಿ ಹಣಮವ್ವ ನೀರು ಕೇಳಿದ್ದಳು. ಅದೂ ಮೇಲಿನಿಂದಲೇ ಬಂತು. ಬೊಗಸೆಗಿಂತ ಮೂಗಿಗೇ ಹೆಚ್ಚು ಹೋಯಿತು. ಆ ಮನೆಯ ಹಿಂಭಾಗ ಆಕೆಗೆ ಅಂಗೈಯಷ್ಟು ಗೊತ್ತು. ಮುಂಭಾಗ ನೋಡಿದ್ದು ಅವತ್ತೇ ಮೊದಲು.

ಇದನ್ನೆಲ್ಲ ಆಕೆ ಅಲ್ಲೇ ನಿಂತು ಹೇಳಿದಳು. ದಸ್ತಗೀರ “ತೌಬಾ, ತೌಬಾ” ಎಂದು ಕಿಂಡಿಯ ಕೆತ್ತನೆಯ ಮೇಲಿಂದ ಕೈ ತೆಗೆದ. ಹಣಮವ್ವ ಇಳಿದ ಒಂದು ಮೆಟ್ಟಿಲನ್ನು ಹತ್ತಿ ವಾಪಸು ಬಂದು, ಕಿಂಡಿಯಿಂದ ತಲೆ ಹೊರಗೆ ಹಾಕಿ ತಾನು ನಿಲ್ಲುತ್ತಿದ್ದ ಜಾಗ ನೋಡಿದಳು. ಅಲ್ಲೊಂದು ನಾಯಿ ಮಲಗಿತ್ತು.

“ಮ್ಯಾಲಿಂದ ನೋಡಿದ್ರ ತೆಳಗಿನವರು ಇಷ್ಟು ಸಣ್ಣ ಕಾಣ್ತಾರಂತ ನನಗ ಗೊತ್ತಿದ್ದಿಲ್ಲ” ಎಂದಳು. “ಪಾಪ, ಅವರಿಗಿ ಏನ್ ಅನ್ನಾದು ಬಿಡು. ಮನಷ್ಯಾರು ಅಂತ ಗುರ್ತೇ ಸಿಕ್ಕಿರಲಿಕ್ಕಿಲ್ಲ.”

ರಾಧಿಕಾ ಅವ್ವನ ತೋಳು ಹಿಡಿದಳು. “ಬ್ಯಾಡ ಅವ್ವಾ. ಈ ಮನಿ ಬ್ಯಾಡೇ ಬ್ಯಾಡ. ಹೊಸ ಲೇಔಟಿನಾಗ ನೋಡಮ್.”

“ಇದೇ ತಗೋಬೇಕು.” ಹಣಮವ್ವ ಆ ಸಣ್ಣ ಬಾಗಿಲು ಎಳೆದು ಮುಚ್ಚಿದಳು. “ಈ ಮಾಳಗಿ ಸೋರದಂಗ ಕಾಯ್ದಾಕಿ ನಾ. ಒಂದ್ ಸಲನರ ಅದರ ನೆಳ್ಳಿಗಿ ಕುಂದ್ರಬೇಕು ನಾ. ಒಂದೇ ಶರ್ತ ನಂದು. ಮುಂದಿನ ಬಾಗಲಿಂದ ಬರ್ತೀನಿ, ಮುಂದಿನ ಬಾಗಲಿಂದ ಹೋಗ್ತೀನಿ. ಹಿತ್ತಲ ಮೆಟ್ಟಿಲು ಸತ್ರ ಬಿ ತುಳಿಯಂಗಿಲ್ಲ.”

ಮಾರುವವನು ಸಂಗಮೇಶ್ವರ. ಕಲಬುರಗಿಯಲ್ಲಿದ್ದ. ಕೆಳಗಿನ ಮನೆಯಲ್ಲಿರುವ ಅಣ್ಣ ರೇವಣಪ್ಪನಿಗೂ ಅವನಿಗೂ ಪಾಲು ಆದಾಗಿನಿಂದ ಮಾತಿಲ್ಲ. ದಸ್ತಗೀರ ಫೋನಿನಲ್ಲಿ ಹಿಂಜರಿಯುತ್ತ “ಗಿರಾಕಿ ಯಾವ ಮಂದಿ ಅಂದ್ರ...” ಎಂದು ಶುರುಮಾಡಿದರೆ, ಆತ “ಯಾರಿಗರ ಕೊಡೋ ಮಾರಾಯಾ, ನಮ್ಮ ಅಣ್ಣಗ ಒಬ್ಬವಗ ಬಿಟ್ಟು” ಎಂದ. ಸಮಾನತೆ ಹಿಂಗೂ ಬರುತ್ತದೆ, ಬಂದಾಗ ಬೇಡ ಅನ್ನಬಾರದು. ಮುಂದಿನ ಬಾಗಿಲು, ಪಡಸಾಲೆ, ಒಳಗಿನ ಮೆಟ್ಟಿಲು, ಬಯಲು ಮಾಳಿಗೆ ಎರಡೂ ಮನೆಗೆ ಸೇರಿದ್ದು ಎಂದೇ ಖರೀದಿಯಾಯಿತು.

ಸುದ್ದಿ ರೇವಣಪ್ಪನಿಗೆ ಅವತ್ತೇ ಸಂಜೆ ಮುಟ್ಟಿತು. ರೇವಣಪ್ಪ ಒಳ್ಳೆಯ ಮನುಷ್ಯ ಎಂದು ಊರಲ್ಲಿ ಹೆಸರು. ಹಣೆತುಂಬ ವಿಭೂತಿ, ಬಾಯಿತುಂಬ ‘ಶರಣು’. ಪ್ರತಿ ವರ್ಷ ಬಸವ ಜಯಂತಿಗೆ ಜಾತಿ ಇಲ್ಲ, ಕುಲ ಇಲ್ಲ ಎಂದು ಭಾಷಣ ಮಾಡಿ ಮೈಕು ಬಿಡುವುದೇ ಇಲ್ಲ. ರಾಧಿಕಾಳಿಗೂ ಆತ ಗೊತ್ತು. ಶುಗರಿನಿಂದ ಕಾಲಿನ ಹುಣ್ಣು ಮಾಯದೆ ಆಸ್ಪತ್ರೆಗೆ ಬರುತ್ತಿದ್ದಾಗ ಆ ಪಾದವನ್ನು ತನ್ನ ತೊಡೆಯೆತ್ತರಕ್ಕೆ ಇಟ್ಟುಕೊಂಡು ಕೀವು ತೊಳೆದವಳು ಆಕೆಯೇ. “ನಿಮ್ಮ ಕೈ ಗುಣ ಭಾಳ ಛಲೋ ಅದ ಸಿಸ್ಟರ್” ಎನ್ನುತ್ತಿದ್ದ ಆಗ.

ಈಗ ಆಕೆಯ ಬಾಡಿಗೆ ಮನೆಯ ಬಾಗಿಲಲ್ಲಿ ಬಂದು ನಿಂತ.

“ಒಳಗ ಬರ್ರಿ ಸಾವ್ಕಾರ್ರ, ಕುಂದ್ರಿ. ಚಾ ಮಾಡ್ತಾಳ” ಎಂದಳು ಹಣಮವ್ವ.

“ಚಾ ಬಿಟ್ಟೀನವ್ವಾ. ಶುಗರ್.”

“ಸಕ್ರಿ ಹಾಕಂಗಿಲ್ರಿ.”

“ಗ್ಯಾಸ್ ಆಗ್ತದ.”

“ನೀರರ ಕುಡೀರಿ.”

“ಈಗೇ ಕುಡದು ಬಂದೀನಿ.”

“ಉಸುರರ ಆಡ್ತೀರೋ ಇಲ್ಲೋ ನಮ್ಮ ಮನ್ಯಾಗ?” ಎಂದು ಹಣಮವ್ವ ಕೇಳಿದ್ದು ತಮಾಷೆಗೇ. ರೇವಣಪ್ಪ ನಕ್ಕ. ನಗುತ್ತ ನಗುತ್ತ ವಿಷಯಕ್ಕೆ ಬಂದ.

“ನೀವು ಮನಿ ತಗೊಂಡದ್ದು ನನಗ ಖುಷೀನೇ ಆಗ್ಯದ ಸಿಸ್ಟರ್. ನಮ್ಮಲ್ಲಿ ಭೇದಭಾವ ಅಂಬೋದು ಇಲ್ಲ, ನಿಮಗ ಗೊತ್ತದ. ಖರೇ ಓಣಿ ಮಂದಿ ಹಳೀ ಕಾಲದವರು. ಅದಕ್ಕ ನಾ ಏನಂತೀನಂದ್ರ, ನಿಮಗ ಹಿಂದ ಸಪರೇಟ್ ಮೆಟ್ಟಿಲು ಅವ. ಸ್ವತಂತ್ರ. ಯಾವಾಗ ಬರ್ರಿ, ಯಾವಾಗ ಹೋಗ್ರಿ, ಯಾರದೂ ಕಿರಿಕಿರಿ ಇಲ್ಲ. ಡ್ಯೂಟಿ ಮಂದಿಗಿ ಅದೇ ಚಂದ.”

“ಅಷ್ಟು ಚಂದ ಇದ್ರ ನೀವೇ ಇಟ್ಕೋರಿ ಸಾವ್ಕಾರ್ರ” ಎಂದಳು ಹಣಮವ್ವ. “ನಾವು ಬಡವರು, ಮುಂದಿನ ಬಾಗಲಿನಾಗೇ ಸುಧಾರಸ್ಕೋತೀವಿ.”

ರೇವಣಪ್ಪನ ನಗು ಅಲ್ಲಿಗೆ ನಿಂತಿತು. “ವಿಚಾರ ಮಾಡ್ರಿ” ಎಂದು ಹೇಳಿ ಹೋದ.

ಬುದ್ಧ ಪೂರ್ಣಿಮೆಯ ದಿನ ಹೊಸ ಮನೆಗೆ ಹೊರಟರು. ರಾಧಿಕಾಳ ಕೈಯಲ್ಲಿ ಬುದ್ಧನ ಫೋಟೋ, ದೇವಾನಂದನ ಕೈಯಲ್ಲಿ ಬಾಬಾಸಾಹೇಬರದು. ಹಣಮವ್ವ ಬಿಳಿ ಸೀರೆ ಉಟ್ಟು, ತನ್ನ ಹಾಸಿಗೆಯ ಸುರುಳಿಯನ್ನು ಯಾರಿಗೂ ಕೊಡದೆ ಕಂಕುಳಲ್ಲಿ ಹಿಡಿದಿದ್ದಳು. ಮುಂದಿನ ಓಣಿಯಲ್ಲಿ ನಡುರಸ್ತೆಯಲ್ಲೇ ನಡೆದಳು. ಹಿತ್ತಾಳೆ ಮೊಳೆಯ ಬಾಗಿಲು ತೆರೆದೇ ಇತ್ತು. ಪಡಸಾಲೆಗೆ ಕಾಲಿಟ್ಟರು.

ಮೂಲೆಯಲ್ಲಿ ಮೆಟ್ಟಿಲು ಇರಲಿಲ್ಲ. ಗೋಡೆ ಇತ್ತು. ನೆಲದಿಂದ ಕಮಾನಿನವರೆಗೆ ಹೊಸ ಕಲ್ಲು. ಸಿಮೆಂಟಿನ ನೀರು ಇನ್ನೂ ಇಳಿಯುತ್ತಿತ್ತು. ಗೋಡೆಯ ಮುಂದೆ ಕರಣಿ ಹಿಡಿದ ಗೌಂಡಿ ಕುಕ್ಕರಗಾಲಲ್ಲಿ ಕೂತು ಕೊನೆಯ ಸಂದಿಗೆ ಮಾಲು ತುಂಬುತ್ತಿದ್ದ. ಹೆಜ್ಜೆ ಸದ್ದಿಗೆ ತಿರುಗಿ ನೋಡಿದ.

“ಅತ್ತೀ?” ಎಂದ.

ಅವನು ಭಗವಂತ. ರಾವೂರಿನಲ್ಲಿರುವ ಹಣಮವ್ವನ ಅಣ್ಣನ ಮಗ. ಅತ್ತೆಯ ಹೊಸ ಮನೆಯ ಊಟಕ್ಕೆಂದೇ ಚಿತ್ತಾಪುರಕ್ಕೆ ಬಂದಿದ್ದ. ಮಧ್ಯಾಹ್ನದವರೆಗೆ ಸುಮ್ಮನೆ ಯಾಕೆ ಕೂರಬೇಕೆಂದು ಬೆಳಿಗ್ಗೆ ಕೂಲಿಯವರು ನಿಲ್ಲುವ ಚೌಕಿನಲ್ಲಿ ನಿಂತಿದ್ದ. ರೇವಣಪ್ಪ ಬಂದು ಕರೆದಿದ್ದ. ಕೆಲಸ ಮುಗಿಸಿ, ಕೈ ತೊಳೆದು, ಅತ್ತೆ ಕೊಂಡ ವಾಡೆ ಎಲ್ಲಿದೆ ಎಂದು ಇದೇ ಸಾವ್ಕಾರರನ್ನು ಕೇಳಬೇಕೆಂದುಕೊಂಡಿದ್ದ. ನಮ್ಮನ್ನು ಹೊರಗಿಡುವ ಗೋಡೆ ಕಟ್ಟುವುದಕ್ಕೂ ಅವರಿಗೆ ನಮ್ಮವರ ಕೈಯೇ ಬೇಕು. ಬೇರೆಯವರಿಗೆ ಕಲ್ಲು ಎತ್ತಲು ಬರಬೇಕಲ್ಲ!

“ಊಟಕ್ಕ ಬಾ ಅಂದ್ರ ಗ್ವಾಡಿ ಕಟ್ಲಿಕತ್ತಿಯೇನೋ ಮಗನ” ಎಂದಳು ಹಣಮವ್ವ. ಭಗವಂತ ಕರಣಿ ಕೆಳಗಿಟ್ಟ. ಅವನ ಮುಖ ಸಿಮೆಂಟಿಗಿಂತ ಬಿಳಿಚಿಕೊಂಡಿತ್ತು. “ನನಗ ಗೊತ್ತಿದ್ದಿಲ್ಲ ಅತ್ತಿ. ನಿನ್ನ ಆಣಿ.”

ರೇವಣಪ್ಪ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದ. “ಬರ್ರಿ ಸಿಸ್ಟರ್, ಬರ್ರಿ. ಖರೇ ಹಿಂದಿಂದ ಬರ್ರಿ. ಮೆಟ್ಟಿಲು ಜೋಲಿ ಹೊಡಿಲಿಕತ್ತಿದ್ದವು. ಯಾರರ ಬಿದ್ದಗಿದ್ದಾರಂತ ಸೇಫ್ಟಿಗಿ ಬಂದ್ ಮಾಡ್ಸೀನಿ.”

“ಇದು ನಮ್ಮದು ಬಿ ದಾರಿ ಅದ” ಎಂದ ದೇವಾನಂದ. “ನಾ ಪೊಲೀಸ್ರಿಗಿ ಫೋನ್ ಮಾಡ್ತೀನಿ. ಕೇಸ್ ಹಾಕ್ತೀನಿ.”

“ಹಾಕ್ರಿ. ನಾ ಏನ್ ಬಾಯಿ ತಪ್ಪಿ ಮಾತಾಡೀನೇನು? ಯಾರದರ ಕುಲ ಎತ್ತೀನೇನು? ಗ್ವಾಡಿ ಕಟ್ಸೀನಿ. ಗ್ವಾಡಿಗಿ ಏನ್ ಜಾತಿ ಇರ್ತದೇನು?”

ರಾಧಿಕಾಳ ಕೈಯಲ್ಲಿ ಬುದ್ಧನ ಫೋಟೋ ಭಾರವಾಗುತ್ತಿತ್ತು. ಮುಂದಿನ ಬಾಗಿಲಲ್ಲಿ ಓಣಿಯ ಮಂದಿ ಇಣುಕಲು ಶುರುಮಾಡಿದ್ದರು. ತಾನು ತೊಳೆದ ಆ ಪಾದ, ತಾನು ಕಟ್ಟಿದ ಪಟ್ಟಿ, ಎಲ್ಲ ಕಣ್ಣ ಮುಂದೆಯೇ ಚಪ್ಪಲಿ ಹಾಕಿಕೊಂಡು ನಿಂತಿತ್ತು. ಆಕೆ ತಾಯಿಯ ಕಿವಿಯ ಹತ್ತಿರ ಬಂದಳು. “ಅವ್ವಾ, ಇವತ್ತೊಂದು ದಿನ ಹಿಂದಿಂದ ಹೋಗಮ್. ಪೂರ್ಣಿಮಾ ದಿನ ತಕರಾರು ಬ್ಯಾಡ. ನಾಳಿ ನೋಡಮ್.”

“ಇದೊಂದು ಬುಟ್ಟಿ, ಇದೊಂದೇ ಬುಟ್ಟಿ ಅಂತ ನಾ ಬಿ ಅಂತಿದ್ದೆ” ಎಂದಳು ಹಣಮವ್ವ. “ಇವತ್ತೊಂದು ದಿನ ಅಂಬೋದು ಭಾಳ ಉದ್ದ ಇರ್ತದ ಯವ್ವಾ.”

ಆಮೇಲೆ ಹಾಸಿಗೆಯ ಸುರುಳಿಯನ್ನು ದಪ್ಪ ಕಂಬಕ್ಕೆ ಒರಗಿಸಿದಳು. ಅದರ ಮುಂದೆ ಕೂತಳು. ಕಾಲು ಚಾಚಿದಳು.

“ನಾ ಆ ಮೆಟ್ಟಿಲು ಹತ್ತಂಗಿಲ್ಲ. ಪಡಸಾಲಿ ನಮ್ಮದು ಬಿ ಅದ. ನಾ ಇಲ್ಲೇ ಇರ್ತೀನಿ. ದೇವಾ, ನೀ ಕೇಸ್ ಹಾಕು, ಬಿಡಬ್ಯಾಡ. ತಾರೀಖು ಬರೋತನ ನಾ ಇಲ್ಲೇ ಉಣ್ತೀನಿ, ಇಲ್ಲೇ ಮಲಗ್ತೀನಿ. ಸಾವ್ಕಾರ್ರ, ರಾತ್ರಿ ನಾ ಗೊರಕಿ ಹೊಡೀತೀನಿ ಸ್ವಲ್ಪ. ಬ್ಯಾಸರ ಮಾಡ್ಕೋಬ್ಯಾಡ್ರಿ.”

ರೇವಣಪ್ಪ ಎರಡು ಹೆಜ್ಜೆ ಮುಂದೆ ಬಂದು ನಿಂತ. ಎದ್ದೇಳು ಎನ್ನಲು ಕಾಗದದಲ್ಲಿ ಅವನಿಗೆ ಹಕ್ಕಿಲ್ಲ. ಕೈ ಹಿಡಿದು ಎಬ್ಬಿಸಲು ಮುಟ್ಟಬೇಕು. ಅದಂತೂ ಆಗದ ಮಾತು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮಡಿಯೇ ಅವನ ಕೈ ಕಟ್ಟಿಹಾಕಿತ್ತು. ಅವನು ಉಯ್ಯಾಲೆಯ ಮೇಲೆ ಹೋಗಿ ಕೂತ. ಆಕೆ ಕಂಬಕ್ಕೆ ಒರಗಿ ಕೂತಳು. ಕಂಬ ತಂಪಾಗಿತ್ತು. ಜಾಹೀರಾತಿನಲ್ಲಿ ಹೇಳಿದ್ದರಲ್ಲಿ ಅದೊಂದಂತೂ ಸುಳ್ಳಾಗಿರಲಿಲ್ಲ.

ದೇವಾನಂದ ಠಾಣೆಗೆ ಹೋದ. ರಾಧಿಕಾ ಬುದ್ಧನ ಫೋಟೋವನ್ನು ಅವ್ವನ ಪಕ್ಕದಲ್ಲೇ ಇಟ್ಟು ಮೇಣದಬತ್ತಿ ಹಚ್ಚಿದಳು. ತಂದಿದ್ದ ಖೀರಿನ ಡಬ್ಬಿ ಬಿಚ್ಚಿದಳು. ಭಗವಂತ ಉಣ್ಣಲೊಲ್ಲೆ ಎಂದ. “ಉಣ್ಣೋ. ಗ್ವಾಡಿ ಕಟ್ಟಿ ದಣದೀದಿ” ಎಂದು ಅತ್ತೆ ಬಟ್ಟಲು ಅವನ ಕೈಗಿಟ್ಟಳು. ಅವನು ಅಳುತ್ತ ಉಂಡ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಪಡಸಾಲೆಯಲ್ಲಿ ಬೆಳಕು ಕಡಿಮೆಯಾಯಿತು. ಬಾಗಿಲಿನಿಂದ ತಣ್ಣನೆಯ ಗಾಳಿ ಒಮ್ಮೆಲೇ ನುಗ್ಗಿ ಮೇಣದಬತ್ತಿ ಆರಿತು. ದೂರ ಎಲ್ಲೋ ಗುಡುಗಿತು. ಅಡುಗೆಮನೆಯಿಂದ ರೇವಣಪ್ಪನ ಹೆಂಡತಿ ಮಹಾದೇವಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು. “ಅಯ್ಯಯ್ಯ, ಮಳಿ! ಮ್ಯಾಲ ನಮ್ಮ ತೊಗರಿ!” ಎನ್ನುತ್ತ ಮೂಲೆಗೆ ಹೋದವಳು ಗೋಡೆಗೆ ಹಣೆ ಬಡಿಯುವಷ್ಟರಲ್ಲಿ ನಿಂತಳು.

ಗೋಡೆ ಏಳುವುದನ್ನು ಆಕೆ ಬೆಳಿಗ್ಗೆ ನೋಡಿದ್ದಳು. ಒಪ್ಪಿಯೂ ಇದ್ದಳು. ಆದರೆ ಗೋಡೆ ಏಳುವ ಮುಂಚೆ, ನಸುಕಿನಲ್ಲಿ, ವರ್ಷಕ್ಕಾಗುವ ತೊಗರಿ ಬೇಳೆ, ವರ್ಷಕ್ಕಾಗುವ ಕುರಡಗಿ ಸಂಡಿಗೆ, ಎಲ್ಲವನ್ನೂ ಮಾಳಿಗೆಯ ಮೇಲೆ ಒಣಹಾಕಿ ಬಂದಿದ್ದಳು. ಮದುವೆಯಾಗಿ ಬಂದಾಗಿನಿಂದ ದಿನಾ ಹತ್ತಿ ಇಳಿದ ಮೆಟ್ಟಿಲು. ದಿನಾ ತುಳಿಯುವುದು ಯಾರಿಗೆ ನೆನಪಿರುತ್ತದೆ? ನಮ್ಮನ್ನು ಹೊರಗಿಡುವ ಗಡಿಬಿಡಿಯಲ್ಲಿ ತಮ್ಮ ವರ್ಷದ ಬೇಳೆಯನ್ನೇ ಹೊರಗಿಟ್ಟಿದ್ದರು.

“ಹ್ಯಾಂಗ ಹೋಗ್ಲಿ ನಾ ಮ್ಯಾಲ?” ಎಂದು ಗಂಡನ ಕಡೆ ತಿರುಗಿದಳು.

ರೇವಣಪ್ಪ ಉಯ್ಯಾಲೆಯಿಂದ ಎದ್ದ. ಗೋಡೆ ನೋಡಿದ. ಹಣಮವ್ವನನ್ನು ನೋಡಿದ. “ಹಿಂದಿಂದ ಹೋಗು” ಎಂದ ಸಣ್ಣ ಧ್ವನಿಯಲ್ಲಿ.

“ಹಿಂದಿಂದ?” ಮಹಾದೇವಮ್ಮನ ಧ್ವನಿ ಓಣಿಗೆ ಕೇಳುವಂತೆ ಏರಿತು. “ಆ ಮೆಟ್ಟಿಲು ನಾ ಹತ್ತಬೇಕು? ಹೊಲಸು ಹೊರೋರು ಹತ್ತೋ ಮೆಟ್ಟಿಲು? ಲಗ್ನ ಆಗಿ ಬಂದಾಗಿಂದ ನಾ ಆ ಕಡಿ ಮುಖ ಹಾಕಿಲ್ಲ. ನಮ್ಮ ಅಪ್ಪ ನನ್ನ ಇದಕ್ಕ ಕೊಟ್ಟಾನೇನು ಈ ಮನಿಗಿ?”

ಹೇಳಿದ ಮೇಲೆ ಆಕೆಗೇ ಕೇಳಿಸಿತು. ರಾಧಿಕಾ ಮುಖ ತಿರುಗಿಸಿದಳು.

“ಹೋಗ್ರಿ ಅಕ್ಕಾರ” ಎಂದಳು ಹಣಮವ್ವ ಕೂತಲ್ಲಿಂದಲೇ, ಭಾಳ ಪ್ರೀತಿಯಿಂದ. “ಚಂದ ಅವ ಆ ಮೆಟ್ಟಿಲು. ಸಪರೇಟ್. ಸ್ವತಂತ್ರ. ಯಾರದೂ ಕಿರಿಕಿರಿ ಇಲ್ಲ. ನಿಮ್ಮ ಯಜಮಾನ್ರೇ ನಮ್ಮ ಮನಿತನ ಬಂದು ಹೇಳ್ಯಾರ. ಕೀಲಿ ನನ್ನ ಮಗಳ ಬಲ್ಯಾಕ ಅದ, ಕೊಡ್ಲೇನು?”

ಮಹಾದೇವಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಹಣಮವ್ವನ ನಗು ಈಗ ಹೋಗಿತ್ತು. “ನಿಮ್ಮ ಕಾಲಿಗಿ ಬ್ಯಾಡಾದ ಮೆಟ್ಟಿಲು ನನ್ನ ಕಾಲಿಗಿ ಹ್ಯಾಂಗ ಚಂದ ಆತ್ರಿ? ಆ ಹೊಲಸು ಯಾರದಿತ್ತು? ನಾ ಹೊತ್ತದ್ದು ನಿಮ್ಮ ಮಾಳಗಿ ಮಣ್ಣು. ನೀವು ತೊಗರಿ ಒಣಹಾಕ್ತೀರಲ್ಲ, ಅದೇ ಮಾಳಗಿ.”

ಮೊದಲ ಹನಿ ಬಾಗಿಲ ಮುಂದಿನ ಕಲ್ಲಿಗೆ ಬಿತ್ತು. ಅಗಲವಾದ ಹನಿ. ಮಹಾದೇವಮ್ಮ ಗಂಡನತ್ತ ತಿರುಗಿ ಕೂಗಿದಳು. “ಕಿತ್ತ್ರಿ ಅದನ್ನ! ಹಸಿ ಅದ ಇನ್ನಾ. ಕಿತ್ತ್ರಿ ಅಂತೀನಿ!”

“ಏ ಗೌಂಡಿ, ಕೀಳೋ” ಎಂದ ರೇವಣಪ್ಪ.

ಭಗವಂತ ಖೀರಿನ ಬಟ್ಟಲು ಕೆಳಗಿಟ್ಟ. ಎದ್ದು ನಿಂತ. ಕರಣಿಯನ್ನು ತೊಳೆದು ಚೀಲಕ್ಕೆ ಹಾಕಿದ. “ನಾ ಕೀಳಂಗಿಲ್ಲ” ಎಂದ.

“ಕೂಲಿ ಕೊಡ್ತೀನೋ. ಡಬಲ್ ಕೊಡ್ತೀನಿ.”

“ಕಟ್ಟಿದ ಕೂಲಿನೇ ಬ್ಯಾಡ ನನಗ. ಗೊತ್ತಿಲ್ದ ಕಟ್ಟೀನಿ, ತಪ್ಪಾಗ್ಯದ. ನೀವು ಗೊತ್ತಿದ್ದು ಕಟ್ಸೀರಿ. ನೀವೇ ಕೀಳ್ರಿ.”

ಹನಿಗಳು ಹೆಚ್ಚಾದವು. ಬಾಗಿಲಲ್ಲಿ ನಿಂತ ಓಣಿಯ ಮಂದಿಯಲ್ಲಿ ಒಬ್ಬರೂ ಒಳಗೆ ಬಂದು ಕೈ ಹಚ್ಚಲಿಲ್ಲ. ಯಾರಿಗೆ ಹೆದರಿ ಈ ಗೋಡೆ ಕಟ್ಟಿಸಿದ್ದನೋ ಅವರೇ ಈಗ ತಮಾಷೆ ನೋಡುತ್ತಿದ್ದರು. ರೇವಣಪ್ಪ ಬಿಳಿ ಅಂಗಿಯ ತೋಳು ಮಡಚಿದ. ಮೇಲಿನ ಕಲ್ಲಿಗೆ ಕೈ ಹಾಕಿದ. ಕಲ್ಲು ಅಲ್ಲಾಡಲಿಲ್ಲ. ಇನ್ನೊಮ್ಮೆ ಎಳೆದ. ಅದು ಬಂತು, ಬಂದದ್ದು ಎದೆಗೇ ಬಂತು, ಹಸಿ ಸಿಮೆಂಟು ಮುಖಕ್ಕೆ ಸಿಡಿದು ಕಣ್ಣಿಗೆ ಹೋಯಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

“ಹಗೂರಕ ಸಾವ್ಕಾರ್ರ” ಎಂದಳು ಹಣಮವ್ವ. “ಸೊಂಟ ಹಿಡೀತದ. ಮೊಣಕಾಲು ಮಡಚಿ ಎತ್ತ್ರಿ.”

ಒಂದೊಂದೇ ಕಲ್ಲು ಇಳಿಯಿತು. ಒಬ್ಬ ಮನುಷ್ಯ ದಾಟುವಷ್ಟು ಸಂದಿ ಆದದ್ದೇ ಮಹಾದೇವಮ್ಮ ಸೀರೆ ಎತ್ತಿ ಕಟ್ಟಿ ನುಗ್ಗಿದಳು. ಹಣಮವ್ವ ಕಂಬ ಹಿಡಿದು ಎದ್ದಳು. ಅವಸರ ಮಾಡಲಿಲ್ಲ. ಮುರಿದ ಗೋಡೆ ದಾಟಿ ಅಗಲವಾದ ಮೆಟ್ಟಿಲ ಮೇಲೆ ಕಾಲಿಟ್ಟಳು. ಹತ್ತುವಾಗ ಎಡಗೈ ಅಭ್ಯಾಸದಿಂದ ತಲೆಯ ಕಡೆ ಹೋಯಿತು. ತಲೆಯ ಮೇಲೆ ಏನೂ ಇರಲಿಲ್ಲ. ಕೈಯನ್ನು ಹಾಗೇ ಇಳಿಸಿ ಗೋಡೆಗೆ ಹಚ್ಚಿಕೊಂಡು ಹತ್ತಿದಳು. ಮಾಳಿಗೆಗೆ ಕಾಲಿಟ್ಟಾಗ ಆಕೆಗೆ ಅಳು ಬಂತು. ಮಳೆ ಇತ್ತು, ಯಾರಿಗೂ ಕಾಣಲಿಲ್ಲ.

ಮಾಳಿಗೆಯ ಮೇಲೆ ಮಹಾದೇವಮ್ಮ ಎರಡೂ ಕೈಯಿಂದ ತೊಗರಿ ಬೇಳೆ ಬಾಚುತ್ತಿದ್ದಳು. ಬಾಚಿದ್ದೆಲ್ಲ ಬುಟ್ಟಿಗೆ ಹಿಡಿಸುತ್ತಿರಲಿಲ್ಲ. ಹಣಮವ್ವನನ್ನು ನೋಡಿ ಏದುಸಿರು ಬಿಡುತ್ತ, ಏನೂ ಯೋಚಿಸದೆ, ವಾಡಿಕೆಯಂತೆ ಹೇಳಿದಳು:

“ಸೆರಗು ಒಡ್ಡವ್ವಾ, ಹಾಕ್ತೀನಿ.”

ಹಣಮವ್ವ ನಿಂತಳು. ಮಳೆಯಲ್ಲಿ ಅವಳ ಬಿಳಿ ಸೀರೆ ಮೈಗೆ ಅಂಟಿತ್ತು. ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿದಳು.

“ಸೆರಗು ಒಡ್ಡಂಗಿಲ್ಲ” ಎಂದಳು. “ಅದೊಂದು ಬಿಟ್ಟು ಏನ್ ಬೇಕಾದ್ದು ಹೇಳ್ರಿ. ಆ ಹಾಸಿದ ಧೋತರ ಗಂಟು ಕಟ್ಟ್ರಿ, ಎಲ್ಲಾ ಅದರಾಗೇ ಬರ್ತದ. ಒಂದು ಕಡಿ ನೀವು ಹಿಡೀರಿ, ಒಂದು ಕಡಿ ನಾ ಹಿಡೀತೀನಿ.”

ಮಹಾದೇವಮ್ಮ ಒಂದು ಕ್ಷಣ ಆಕೆಯ ಮುಖ ನೋಡಿದಳು. ಬೇಳೆ ತೋಯುತ್ತಿತ್ತು. ಆಕೆ ಬಾಗಿ ಧೋತರದ ಎರಡು ತುದಿ ಹಿಡಿದಳು. ಇನ್ನೆರಡು ತುದಿ ಹಣಮವ್ವ ಹಿಡಿದಳು. ಗಂಟಿನ ಮೇಲೆ ಇಬ್ಬರ ಕೈಯೂ ಕೂಡಿದವು, ಆಗ ಯಾರಿಗೂ ಸಂಕೋಚಕ್ಕೆ ವೇಳೆ ಇರಲಿಲ್ಲ. ಗಂಟು ಭಾರ ಇತ್ತು.

ಇಬ್ಬರೂ ಅದನ್ನು ನಡುವೆ ಹಿಡಿದು ಒಳಗಿನ ಮೆಟ್ಟಿಲು ಇಳಿದರು. ಕೆಳಗೆ ರೇವಣಪ್ಪ ಎರಡೂ ಕೈಯಲ್ಲಿ ಒಂದು ದೊಡ್ಡ ಕಲ್ಲು ಎತ್ತಿಕೊಂಡು ಮೆಟ್ಟಿಲ ಬಾಯಿಗೆ ಅಡ್ಡವಾಗಿ ನಿಂತಿದ್ದ. ಮೂಗಿನಿಂದ ಸಿಮೆಂಟು ತೊಟ್ಟಿಕ್ಕುತ್ತಿತ್ತು. ಹಣೆಯ ವಿಭೂತಿ ಯಾವುದು, ಸಿಮೆಂಟು ಯಾವುದು, ಗೊತ್ತಾಗುತ್ತಿರಲಿಲ್ಲ.

“ಸರೀರಿ ಸಾವ್ಕಾರ್ರ” ಎಂದಳು ಹಣಮವ್ವ. “ದಾರಿ ಬಿಡ್ರಿ.”

ರೇವಣಪ್ಪ ಕಲ್ಲು ಹಿಡಿದುಕೊಂಡೇ ಗೋಡೆಗೆ ಬೆನ್ನು ಹಚ್ಚಿ ನಿಂತ. ಹಣಮವ್ವ ನಿಧಾನಕ್ಕೆ ಹೋದಳು.